ಮುಧೋಳವೋ ರಾಜಪಾಳಯಮೋ: ತೋಟದ ಮನೆಗೊಂದು ನಾಯಿ

ನಮ್ಮ ಹಿಂದಿನ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋದದ್ದು 2022 ರ ಕಾರ್ತಿಕ ಮಾಸದ ಒಂದು ರಾತ್ರಿ. ಶಿರಸಿಯ ಸುತ್ತಲಿನ ತೋಟದ ಮನೆಗಳಲ್ಲಿ ಇದೇನೂ ಕೇಳಿರದ ಸಂಗತಿಯಲ್ಲ; ‘ಕುರ್ಕ ಹಿಡಿಯಿತು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ, ಕೇಳಿದವರು ನಾಯಿಯನ್ನು ಕಟ್ಟಿದ್ದಿರೋ ಬಿಟ್ಟಿದ್ದಿರೋ ಎಂದಷ್ಟೇ ವಿಚಾರಿಸುತ್ತಾರೆ. ನಾವು ಕಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಜಗಲಿಯ ಕಂಬಕ್ಕೆ ಸರಪಳಿ ಹಾಗೆಯೇ ಇತ್ತು, ಅದರ ತುದಿಯಲ್ಲಿ ಕೊರಳಪಟ್ಟಿ ಇತ್ತು, ಪಟ್ಟಿಯ ಬಕಲು ಹಾಕಿದ್ದು ಹಾಕಿದಂತೆಯೇ ಇತ್ತು. ಅಂಗಳದ ಸಗಣಿ ಸಾರಿಸಿದ ನೆಲದ ಮೇಲೆ ದಣಪೆಯವರೆಗೂ, ಅಂದರೆ ಬೇಲಿಯ ಬಾಗಿಲವರೆಗೂ, ಎಳೆದ ಗೆರೆಯೊಂದಿತ್ತು. ಅಮ್ಮ ಯಾರಿಗೂ ಏನೂ ಹೇಳದೆ ಅಂದು ಬೇಗನೆ ಅಂಗಳ ಸಾರಿಸಿದರು.

ಇನ್ನು ಮನೆಗೆ ನಾಯಿ ಬೇಡವೆಂದು ಅಮ್ಮನೂ, ಬೇಕೇ ಬೇಕೆಂದು ಹನ್ನೊಂದು ವರ್ಷದ ಮಗಳೂ ಹಠ ಹಿಡಿದರು. ಮಗಳ ಹಠಕ್ಕೆ ಒಂದು ಆಕಾರ ಬಂದದ್ದು ನನ್ನ ಹಳೆಯ ಅಂಚೆಚೀಟಿಗಳ ಪುಸ್ತಕದಿಂದ. 2005 ರ ಜನವರಿಯಲ್ಲಿ ಅಂಚೆ ಇಲಾಖೆಯು ನಮ್ಮ ದೇಶದ ನಾಯಿ ತಳಿಗಳ ನಾಲ್ಕು ಚೀಟಿಗಳನ್ನು ಹೊರತಂದಿತ್ತು: ಹಿಮಾಲಯದ ಕುರಿಕಾಯುವ ನಾಯಿ, ರಾಂಪುರ ಹೌಂಡ್, ಮುಧೋಳ ಹೌಂಡ್ ಮತ್ತು ರಾಜಪಾಳಯಂ. ಮಗಳು ಮೊದಲೆರಡನ್ನು ದೂರದ ಊರಿನವು ಎಂದು ತಳ್ಳಿಹಾಕಿ ಉಳಿದೆರಡರ ಮೇಲೆ ಒಂದೊಂದು ಬೆರಳಿಟ್ಟು ನನ್ನ ಮುಖ ನೋಡಿದಳು. ಊರಿನ ಯಾವುದಾದರೂ ಮನೆಯ ಕಂತ್ರಿ ಮರಿಯೊಂದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದಿದ್ದರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತಿತ್ತು, ಮತ್ತು ಅದು ತಪ್ಪು ಆಯ್ಕೆಯೂ ಆಗುತ್ತಿರಲಿಲ್ಲ. ಆದರೆ ಜೆರ್ಸಿ ಹಸುವನ್ನು ಕೊಟ್ಟು ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡಗಳನ್ನು ಕಟ್ಟಿಕೊಂಡವನು ನಾನು. ಗಿಡ್ಡ ತಳಿಯನ್ನು ನೋಂದಾಯಿಸಿದ ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆಯೇ ಮುಧೋಳ ಮತ್ತು ರಾಜಪಾಳಯಂ ನಾಯಿಗಳನ್ನೂ ದೇಶೀ ತಳಿಗಳೆಂದು ನೋಂದಾಯಿಸಿದೆ ಎಂದು ತಿಳಿದಾಗ ಮಗಳ ಪಕ್ಷಕ್ಕೆ ವಾಲಿಬಿಟ್ಟೆ.

ಮೊದಲು ಇತ್ಯರ್ಥವಾಗಬೇಕಾಗಿದ್ದದ್ದು ಚಿರತೆಯ ವಿಷಯ. ಯಾವ ತಳಿಯ ನಾಯಿ ಚಿರತೆಯನ್ನು ಎದುರಿಸೀತು ಎಂದು ಕೇಳುತ್ತಾ ಕೆಲವು ದಿನ ಅಲೆದೆ. ಊರಿನ ಹಿರಿಯರೊಬ್ಬರು, ಬೇಟೆಯ ಕಾಲವನ್ನು ಕಣ್ಣಾರೆ ಕಂಡವರು, ನಕ್ಕುಬಿಟ್ಟರು. ಒಂಟಿ ನಾಯಿ ಯಾವುದೇ ಆದರೂ ಚಿರತೆಗೆ ಅದು ಊಟವೇ. ದೊಡ್ಡ ನಾಯಿ ದೊಡ್ಡ ಊಟ, ಅಷ್ಟೇ ವ್ಯತ್ಯಾಸ ಎಂದರು. ಅಂದರೆ ಸಂಜೆಯಾದ ಮೇಲೆ ನಾಯಿ ಬಾಗಿಲ ಒಳಗಿರಬೇಕು. ಹಾಗೆಂದು ಒಪ್ಪಿಕೊಂಡ ಕ್ಷಣವೇ ಪ್ರಶ್ನೆ ತಿರುವುಮುರುವಾಯಿತು. ಯಾವ ನಾಯಿ ನಮ್ಮ ಮನೆಯನ್ನು ಚೆನ್ನಾಗಿ ಕಾದೀತು ಎಂಬುದು ಹಿಂದಕ್ಕೆ ಸರಿದು, ನಮ್ಮ ಮನೆ ಯಾವ ನಾಯಿಯನ್ನು ಕಾಪಾಡಬಲ್ಲದು ಎಂಬುದು ಮುಂದೆ ಬಂತು. ನಮ್ಮದು ಮೂರು ಎಕರೆ ಅಡಿಕೆ ತೋಟ, ಅದಕ್ಕೆ ಅಂಟಿಕೊಂಡ ಬೇಲಿಯಿಲ್ಲದ ಸೊಪ್ಪಿನ ಬೆಟ್ಟ, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಮೊಟ್ಟೆಯೂ ಹೊಸಿಲು ದಾಟದ ಅಡುಗೆಮನೆ ಮತ್ತು ಎಪ್ಪತ್ತಾರು ವರ್ಷದ ಮಡಿವಂತ ಅಮ್ಮ. ‘ನಾಯಿ ಜಗಲಿ ದಾಟಲಾಗ ನೋಡು’ ಎಂದು ಅವರು ಆಗಲೇ ಹೇಳಿಯಾಗಿತ್ತು.

ಎರಡೂ ತಳಿಗಳು ಕಣ್ಣಿನಿಂದ ಬೇಟೆಯನ್ನು ಹಿಡಿಯುವ ಜಾತಿಯವು. ಮೂಗನ್ನು ನೆಲಕ್ಕಿಟ್ಟು ವಾಸನೆ ಹಿಡಿದು ಹೋಗುವ ನಾಯಿಯಂತಲ್ಲ ಇವು. ದೂರದಲ್ಲಿ ಏನೋ ಕದಲಿದ್ದನ್ನು ಕಂಡರೆ ಆ ಕ್ಷಣವೇ ಬಿಟ್ಟ ಬಾಣ. ಮುಧೋಳದ ಗಂಡು 68 ರಿಂದ 72 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ, ಮೈ ಮಾತ್ರ ಸಣಕಲು. ರಾಜಪಾಳಯಂ ಎತ್ತರದಲ್ಲಿ ಅದಕ್ಕೆ ಸಮ, ಮೈಕಟ್ಟಿನಲ್ಲಿ ಮೂಳೆ ದಪ್ಪ, ಬಣ್ಣ ಹಾಲು ಬಿಳುಪು, ಮೂಗು ಗುಲಾಬಿ. ಮುಧೋಳದ ನಾಯಿಗೆ ಕಾರವಾನ್ ಹೌಂಡ್ ಎಂದೂ ಹೆಸರಿದೆ, ಹಳ್ಳಿಗಳಲ್ಲಿ ಅದು ಕಾರವಾನಿ. ಕಾರವಾರದಲ್ಲಿರುವ ನನ್ನ ಭಾವ ಇದನ್ನು ಕೇಳಿ, ಅದು ತಮ್ಮ ಊರಿನ ನಾಯಿಯೇ ಇರಬೇಕೆಂದೂ ಘಟ್ಟದ ಮೇಲಿನವರು ಹೆಸರು ಕೆಡಿಸಿದ್ದಾರೆಂದೂ ಫೋನಿನಲ್ಲಿ ಅರ್ಧ ಗಂಟೆ ವಾದಿಸಿದ. ಸಾರ್ಥವಾಹರ ಜೊತೆ, ಅಂದರೆ ಕಾರವಾನ್‌ಗಳ ಜೊತೆ, ಬಂದದ್ದರಿಂದ ಆ ಹೆಸರು ಎಂದು ಎಷ್ಟು ಹೇಳಿದರೂ ಅವನು ಇಂದಿಗೂ ಒಪ್ಪಿಲ್ಲ.

ರಾಜಪಾಳಯಮನ್ನು ಮೊದಲು ನೋಡಿದ್ದು ಕಾಕತಾಳೀಯ. 2023 ರ ಜನವರಿಯಲ್ಲಿ ಅಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗುವುದಿತ್ತು. ಮಧುರೆಯವರೆಗೆ ಹೋದವರಿಗೆ ಶ್ರೀವಿಲ್ಲಿಪುತ್ತೂರಿನ ಆಂಡಾಳ್ ದೇವಸ್ಥಾನ ದೂರವಲ್ಲ, ಅಲ್ಲಿಂದ ರಾಜಪಾಳಯಂ ಊರು ಕೂಗಳತೆಯಲ್ಲಿ ಎಂಬಷ್ಟು ಹತ್ತಿರ. ಅಮ್ಮನಿಗೆ ಆಂಡಾಳ್ ಎಂದು ಹೇಳಿದೆ, ನಾಯಿಯೆಂದು ಹೇಳಲಿಲ್ಲ. ವಿರುದುನಗರ ಜಿಲ್ಲೆಯ ಆ ಊರು ನಮ್ಮದೇ ಪಶ್ಚಿಮ ಘಟ್ಟದ ಇನ್ನೊಂದು ಮಗ್ಗುಲಲ್ಲಿದೆ. ಆದರೆ ಅದು ಮಳೆಯ ನೆರಳಿನ ಮಗ್ಗುಲು, ಬಿಸಿಲು ಕಣ್ಣಿಗೆ ಕುಕ್ಕುತ್ತದೆ, ನೆಲ ಗಟ್ಟಿಯಾಗಿ ಒಣಗಿರುತ್ತದೆ. ಅದೇ ಘಟ್ಟ, ಅದೇ ಬೆಟ್ಟದ ಸಾಲು ಎಂದು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಲೆಕ್ಕ ಅಲ್ಲಿಯೇ ತಪ್ಪಿತು.

ನಾವು ಹೋದ ಮನೆಯವರು ಮೂರು ತಲೆಮಾರಿನಿಂದ ನಾಯಿ ಸಾಕುತ್ತಿದ್ದವರು, ವ್ಯಾಪಾರಕ್ಕಿಂತ ನಾಯಿಯ ಮೇಲೆ ಹೆಚ್ಚು ಮಾತಾಡುವ ಜನ. ಅವರ ಗಂಡು ನಾಯಿ ಹಗಲೆಲ್ಲ ಕಟ್ಟಿದ ಸ್ಥಿತಿಯಲ್ಲಿತ್ತು. ನಾವು ಗೇಟಿನ ಒಳಗೆ ಕಾಲಿಟ್ಟಾಗ ಅದು ಬೊಗಳಲಿಲ್ಲ. ಎದ್ದು ನಿಂತು, ತಿಳಿ ಹಳದಿ ಕಣ್ಣುಗಳನ್ನು ನಮ್ಮ ಮೇಲಿಟ್ಟು, ನಾವು ಕುರ್ಚಿಯಲ್ಲಿ ಕೂರುವವರೆಗೂ, ಕಾಫಿ ಕುಡಿಯುವವರೆಗೂ, ಏಳುವವರೆಗೂ ಹಾಗೆಯೇ ನಿಂತಿತ್ತು. ಈ ತಳಿ ಒಬ್ಬರನ್ನು, ಹೆಚ್ಚೆಂದರೆ ಒಂದು ಮನೆಯವರನ್ನು ತನ್ನವರೆಂದು ಹಚ್ಚಿಕೊಳ್ಳುತ್ತದೆ, ಹೊರಗಿನವರ ಸಲಿಗೆಯನ್ನು ಸಹಿಸುವುದಿಲ್ಲ ಎಂದು ಮನೆಯ ಯಜಮಾನರು ಹೆಮ್ಮೆಯಿಂದಲೇ ಹೇಳಿದರು. ಅಮ್ಮ ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ ಮಾತು: ಭಟ್ಟರು ತಿಥಿಗೆ ಬಂದರೆ ಏನು ಮಾಡುವುದು?

ಅದು ನಗುವ ಮಾತಾಗಿರಲಿಲ್ಲ. ನಮ್ಮ ಕಡೆಯ ಮನೆಗಳಿಗೆ ಬೀಗವೆಂಬುದು ಇತ್ತೀಚಿನ ವಸ್ತು. ಬೆಳಿಗ್ಗೆ ಹಾಲು ಒಯ್ಯುವವನಿಂದ ಹಿಡಿದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ, ಸೊಪ್ಪು ಕಡಿಯುವವರು, ಮಂಗಗಳನ್ನು ಓಡಿಸಲು ಕವಣೆ ಹಿಡಿದು ಬರುವ ಹುಡುಗರು, ಸೊಸೈಟಿಯ ಕಾಗದ ತರುವವರು, ದಾರಿ ಹತ್ತಿರವೆಂದು ನಮ್ಮ ಅಂಗಳ ದಾಟಿ ಆಚೆ ಕೇರಿಗೆ ಹೋಗುವವರು ಎಲ್ಲರೂ ಕರೆಯದೆ ಬರುತ್ತಾರೆ, ಜಗಲಿಯ ಮೇಲೆ ಕೂತು ಕವಳ ಹಾಕುತ್ತಾರೆ. ಕೊಯ್ಲಿನ ಕಾಲದಲ್ಲಂತೂ ಅಡಿಕೆ ಸುಲಿಯಲು ಹದಿನೈದು ಇಪ್ಪತ್ತು ಜನ ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿರುತ್ತಾರೆ. ಅಂಥ ಮನೆಗೆ ಹೊಸಬರನ್ನು ಸಹಿಸದ ನಾಯಿಯನ್ನು ತಂದರೆ ಅದನ್ನು ವರ್ಷಪೂರ್ತಿ ಕಟ್ಟಿಯೇ ಇಡಬೇಕು, ಮತ್ತು ಕಟ್ಟಿಟ್ಟ ನಾಯಿಯ ಕಥೆ ಏನಾಗುತ್ತದೆಂದು ನಮಗೆ ಗೊತ್ತಿತ್ತು.

ಆದರೂ ಮರಿಗಳನ್ನು ನೋಡದೆ ಬರಲಾದೀತೇ. ಐದು ವಾರದ ಐದು ಮರಿಗಳು, ಒಣಹುಲ್ಲಿನ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಅಕ್ಕಿಹಿಟ್ಟಿನ ಉಂಡೆಗಳಂತಿದ್ದವು. ನಾನು ಓದಿಕೊಂಡು ಹೋಗಿದ್ದ ವಿಷಯವೊಂದಿತ್ತು. ಅಚ್ಚಬಿಳಿ ಬಣ್ಣದ ನಾಯಿಗಳಲ್ಲಿ ಹುಟ್ಟುಕಿವುಡು ಕಾಣಿಸಿಕೊಳ್ಳುವುದುಂಟು. ಮೈಗೆ ಬಣ್ಣ ಕೊಡುವ ಜೀವಕೋಶಗಳೇ ಒಳಗಿವಿಯಲ್ಲಿಯೂ ಕೆಲಸ ಮಾಡುತ್ತವೆ. ಅವು ಅಲ್ಲಿ ಇಲ್ಲದಿದ್ದರೆ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ರಾಜಪಾಳಯಂ ತಳಿಗೆ ಈ ತೊಂದರೆ ಇದೆಯೆಂಬುದು ಸಾಕುವವರಿಗೆಲ್ಲ ತಿಳಿದದ್ದೇ. ಯಜಮಾನರು ಮುಚ್ಚಿಡಲಿಲ್ಲ, ಪರೀಕ್ಷಿಸಿ ನೋಡಿ ಎಂದು ತಾವೇ ಹೇಳಿದರು, ಪರೀಕ್ಷಿಸುವ ಬಗೆಯನ್ನೂ ತೋರಿಸಿದರು. ಮರಿಗಳು ಗುಂಪಿನಲ್ಲಿರುವಾಗ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಕಿವುಡು ಮರಿ ಉಳಿದವನ್ನು ನೋಡಿ ತಾನೂ ತಿರುಗುತ್ತದೆ. ಚಪ್ಪಾಳೆ ತಟ್ಟಿದರೆ ಗಾಳಿ ತಾಗುತ್ತದೆ, ಕಾಲು ಕುಟ್ಟಿದರೆ ನೆಲ ನಡುಗುತ್ತದೆ. ಆದ್ದರಿಂದ ಒಂದೊಂದನ್ನೇ ಬೇರೆ ಕೋಣೆಗೆ ಒಯ್ದು, ಗೋಣಿಚೀಲದ ಮೇಲೆ ನಿದ್ದೆಹೋಗಲು ಬಿಟ್ಟು, ಆರಡಿ ಹಿಂದೆ ನಿಂತು ಬೀಗದ ಕೈಗೊಂಚಲನ್ನು ಮೆಲ್ಲಗೆ ಅಲುಗಿಸಬೇಕು.

ಮೊದಲನೆಯದು ಕಿವಿ ನಿಮಿರಿಸಿ ಎದ್ದಿತು. ಎರಡನೆಯದು ಎದ್ದು ನನ್ನ ಕೈಯವರೆಗೂ ಬಂತು. ಮೂರನೆಯದು ಏಳಲಿಲ್ಲ. ಗೊಂಚಲನ್ನು ಜೋರಾಗಿ ಅಲುಗಿಸಿದೆ, ಯಜಮಾನರು ಸ್ಟೀಲಿನ ಲೋಟವನ್ನು ಚಮಚದಿಂದ ಬಡಿದರು, ಹೊರಗೆ ತಾಯಿನಾಯಿ ಆ ಸದ್ದಿಗೆ ಬೊಗಳಿತು. ಮರಿಯ ಹೊಟ್ಟೆ ಅದೇ ನಿಧಾನದಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಮಗಳು ಬಾಗಿ ಅದರ ಮೂಗಿನ ಮುಂದೆ ಬೆರಳು ಆಡಿಸಿದಳು, ವಾಸನೆ ಬಡಿದು ಕಣ್ಣು ಬಿಟ್ಟು ಬಾಲ ಅಲ್ಲಾಡಿಸಿತು. ಉಳಿದ ಎರಡಕ್ಕೂ ಕಿವಿ ಕೇಳುತ್ತಿತ್ತು. ಆದರೆ ಮನೆಯ ಪರೀಕ್ಷೆಯಲ್ಲಿ ತಿಳಿಯುವುದು ಎರಡೂ ಕಿವಿ ಕೇಳದ ಮರಿ ಮಾತ್ರ. ಒಂದೇ ಕಿವಿ ಕೇಳದಿದ್ದರೆ ಅದನ್ನು ಮಿದುಳಿನ ಅಲೆಗಳನ್ನು ಅಳೆಯುವ ಯಂತ್ರವೇ ಹೇಳಬೇಕು. ಅಂಥ ಯಂತ್ರಕ್ಕಾಗಿ ಮರಿಯನ್ನು ಹೊತ್ತು ಯಾವ ಊರಿಗೆ ಹೋಗುವುದು? ಚಿರತೆ ಓಡಾಡುವ ಬೆಟ್ಟದ ಅಂಚಿನಲ್ಲಿ ನಾಯಿಗೆ ಕಣ್ಣಿಗಿಂತ ಕಿವಿ ಮುಖ್ಯ. ಸಂಜೆ ಕರೆದರೆ ಕೇಳಿಸಿಕೊಂಡು ಮನೆಗೆ ಬರಬೇಕು.

ರಾಜಪಾಳಯಮಿನ ಪರವಾಗಿ ಅಮ್ಮ ಹೇಳಿದ ಒಂದು ಮಾತನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಬಿಳಿ ಮೈಮೇಲೆ ರಕ್ತ ಹೀರುವ ಉಣುಗು ಹತ್ತಿದರೆ ಹತ್ತು ಮಾರು ದೂರದಿಂದಲೂ ಕಾಣುತ್ತದೆ ಎಂದರು. 1957 ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮಗೆ ಪಕ್ಕದ ಮನೆಯ ಸುದ್ದಿ. ಸತ್ತ ಮಂಗನ ಸುತ್ತ ಉದುರಿದ ಉಣುಗುಗಳು ಹೇಗೆ ಬೇಕಾದರೂ ಮನೆ ಸೇರಬಹುದು, ಬೆಟ್ಟ ಸುತ್ತಿ ಬರುವ ನಾಯಿಯ ಮೈಮೇಲೂ. ಅದಲ್ಲದೆ ನಾಯಿಗೇ ಬರುವ ಉಣುಗು ಜ್ವರಗಳು ಬೇರೆ ಇವೆ. ಆದರೆ ಅದೇ ಗುಲಾಬಿ ಚರ್ಮಕ್ಕೆ ಕಜ್ಜಿಯ ಕಾಟ ಹೆಚ್ಚೆಂದೂ, ಬಿಸಿಲಿಗೆ ಸುಡುತ್ತದೆಂದೂ ಯಜಮಾನರು ಸೇರಿಸಿದರು. ಒಣನೆಲದ ಊರಿನಲ್ಲಿಯೇ ಹೀಗಾದರೆ ಆಷಾಢದಲ್ಲಿ ಗೋಡೆಗೂ ಬೂಸು ಹಿಡಿಯುವ ನಮ್ಮ ಮನೆಯಲ್ಲಿ ಹೇಗೆ ಎಂಬ ಪ್ರಶ್ನೆಯೊಂದಿಗೆ, ಪಾಲ್ಕೋವಾದ ಪೊಟ್ಟಣದೊಂದಿಗೆ, ಬರಿಗೈಯಲ್ಲಿ ಹಿಂದಿರುಗಿದೆವು.

ಇದಾದ ಮೇಲೆ ನಾನು ಮಾಡಿದ ಮೂರ್ಖತನವೊಂದಿದೆ. ಮುಧೋಳದ ಮರಿಗಳನ್ನು ಮನೆಗೇ ತಲುಪಿಸುವುದಾಗಿ ಹೇಳಿದ ದಲ್ಲಾಳಿಯೊಬ್ಬನಿಗೆ, ಮೊಬೈಲಿನಲ್ಲಿ ಬಂದ ಚಿತ್ರ ನೋಡಿ, 5,000 ರೂಪಾಯಿ ಮುಂಗಡ ಕಳಿಸಿದೆ. ಆ ಚಿತ್ರದ ಹಿಂದೆ ತೆಂಗಿನ ತೋಟ ಕಾಣುತ್ತಿತ್ತೆಂದು ಮಗಳು ತೋರಿಸುವ ಹೊತ್ತಿಗೆ ಅವನ ಫೋನು ಬಂದ್ ಆಗಿತ್ತು. 2016 ರಲ್ಲಿ ಮೀರತ್‌ನ ಸೇನಾ ಶ್ವಾನ ಕೇಂದ್ರಕ್ಕೆ ಮುಧೋಳದ ಮರಿಗಳು ಹೋದವು, 2020 ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ದೇಶೀ ನಾಯಿಗಳನ್ನು ಸಾಕಿರೆಂದು ಹೇಳಿ ಮುಧೋಳ, ರಾಜಪಾಳಯಂ ಎರಡರ ಹೆಸರನ್ನೂ ಎತ್ತಿದರು. ಹೆಸರು ಮೇಲೆದ್ದಂತೆ ಸಣಕಲು ಕಂತ್ರಿ ಮರಿಗಳೆಲ್ಲ ಮುಧೋಳವಾಗಿ ಮಾರಾಟವಾಗತೊಡಗಿದ್ದು ಸಹಜ. ತಂದೆ ತಾಯಿ ನಾಯಿಗಳೆರಡನ್ನೂ ಕಣ್ಣಿನಿಂದ ನೋಡದೆ ಮರಿ ಕೊಳ್ಳಬಾರದೆಂಬ ಮಾತು ನನಗೆ ತಿಳಿದೇ ಇತ್ತು. ಗೊತ್ತಿದ್ದೂ ಕಳಿಸಿದೆ.

ಫೆಬ್ರವರಿಯ ಕೊನೆಯಲ್ಲಿ ಮಗಳೊಂದಿಗೆ ಮುಧೋಳಕ್ಕೇ ಹೊರಟೆ. ನಸುಕಿನಲ್ಲಿ ಶಿರಸಿ ಬಿಟ್ಟು, ಹುಬ್ಬಳ್ಳಿ, ನವಲಗುಂದ, ನರಗುಂದ, ರಾಮದುರ್ಗ, ಲೋಕಾಪುರ ಎಂದು ಊರು ದಾಟುತ್ತಾ ಹೋದಂತೆ ಮರಗಳು ಹಿಂದೆ ಬಿದ್ದು ಆಕಾಶ ದೊಡ್ಡದಾಗುತ್ತದೆ, ನೆಲ ಕಪ್ಪಾಗುತ್ತದೆ. ಕವಿ ರನ್ನನ ಊರು ಎಂದು ಮಗಳಿಗೆ ಹೇಳಿದೆ; ಪಠ್ಯದಲ್ಲಿ ಇನ್ನೂ ಬಂದಿಲ್ಲ ಎಂದಳು. ಈ ನಾಯಿಗಳನ್ನು ಉಳಿಸಿ ಬೆಳೆಸಿದ ಕೀರ್ತಿ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರದು. ಅವರು ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟ ಮೇಲೆ ಮುಧೋಳದ ಹೆಸರು ನಾಯಿಗೆ ಅಂಟಿತು. ಈಗ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ನಾಯಿಗಳನ್ನು ನೋಡಿದೆವು, ತಿಳಿಯಬೇಕಾದದ್ದನ್ನು ಕೇಳಿಕೊಂಡೆವು. ಮರಿಗೆ ಮಾತ್ರ ಸರದಿ ಕಾಯಬೇಕಾಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಸಾಕುವ ಕುಟುಂಬಗಳಿವೆ ಎಂದು ತಿಳಿದು ಅತ್ತ ಹೋದೆವು.

ನಾನು ಮರೆಯಲಾರದ ದೃಶ್ಯ ಆ ರೈತರ ಹೊಲದ್ದು. ಬಿಳಿಜೋಳ ಕೊಯ್ದು ಕೂಳೆ ಮಾತ್ರ ನಿಂತಿತ್ತು. ಅವರು ಹಳೆಯ ಚಪ್ಪಲಿಯೊಂದನ್ನು ದೂರಕ್ಕೆ ಬೀಸಿ ಎಸೆದರು, ಕಂದು ಬಣ್ಣದ ಹೆಣ್ಣು ನಾಯಿ ಓಟ ಕಿತ್ತಿತು. ಅದುವರೆಗೆ ಸೋಮಾರಿಯಂತೆ ಗೋಡೆಗೆ ಒರಗಿ ಕುಳಿತಿದ್ದ ಪ್ರಾಣಿ ಅದು. ಬೆನ್ನು ಬಿಲ್ಲಿನಂತೆ ಬಾಗಿ, ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಒಂದಾಗಿ, ಮರುಗಳಿಗೆ ನಾಲ್ಕೂ ದಿಕ್ಕಿಗೆ ಚಾಚಿ, ನೆಲ ಮುಟ್ಟಿದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಹೆಚ್ಚು. ತಿರುಗಿ ಬಂದು ಚಪ್ಪಲಿಯನ್ನು ನಮ್ಮ ಕಾಲ ಬಳಿ ಹಾಕದೆ ತಾನೇ ಇಟ್ಟುಕೊಂಡು ಮಲಗಿತು. ಮಗಳು ತೀರ್ಮಾನ ಮಾಡಿಯಾಗಿತ್ತು. ರೈತರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ‘ನಿಮ್ ಕಡೆ ಬಯಲ ಇಲ್ಲಲ್ರೀ, ಇದು ಎಲ್ಲಿ ಓಡಬೇಕ್ರಿ?’ ಎಂದು ಕೇಳಿದರು. ಮರಿ ಮಾರುವವರು ಕೊಳ್ಳುವವನನ್ನು ಹಾಗೆ ಪರೀಕ್ಷಿಸಿದ್ದು ನನಗೆ ಅದೇ ಮೊದಲು, ಮತ್ತು ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಮರಿ ತರದೆ ಹಿಂದಿರುಗಿದೆವು; ದಾರಿಯುದ್ದಕ್ಕೂ ಮಗಳು ನನ್ನೊಡನೆ ಮಾತಾಡಲಿಲ್ಲ. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಬೆಟ್ಟದಲ್ಲಿ ಬಿಟ್ಟರೆ ಈ ನಾಯಿ ಮೊಲವನ್ನೋ ಕಾಡುಕುರಿಯನ್ನೋ ಅಟ್ಟದೆ ಇರದು. 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಯಿ ಬಿಟ್ಟು ಬೇಟೆಯಾಡಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆ, ಮತ್ತು ಕಾಯ್ದೆ ಇಲ್ಲದಿದ್ದರೂ ನನಗೆ ಅದು ಬೇಡ. ತೋಟದಲ್ಲಿ ಆ ವೇಗಕ್ಕೆ ಅಡಿಕೆ ಮರಗಳ ನಡುವೆ ಕಾಲು ಮುರಿದುಕೊಳ್ಳುತ್ತದೆ. ಉಳಿದದ್ದು ಎರಡು ಜಾಗ: ಅಡಿಕೆ ಒಣಗಿಸುವ ಅಂಗಳ, ಮತ್ತು ಸುಗ್ಗಿ ಮುಗಿದ ಮೇಲೆ ಮಳೆ ಬೀಳುವವರೆಗೆ ಖಾಲಿ ಬೀಳುವ ಪಕ್ಕದ ಮನೆಯವರ ಗದ್ದೆ ಬಯಲು. ಗದ್ದೆಗೆ ಅವರು ಒಪ್ಪಿದರು. ಅಂಗಳದ ಸುತ್ತಲಿದ್ದ ಮುಳ್ಳುತಂತಿಯನ್ನು ಕಿತ್ತು, ಏಕೆಂದರೆ ಈ ನಾಯಿಗಳ ತೆಳು ಚರ್ಮ ಕಾಗದದಂತೆ ಹರಿಯುತ್ತದೆ, ಐದಡಿ ಎತ್ತರದ ಜಾಲರಿ ಬೇಲಿ ಹಾಕಿಸಿದೆ. ಅದಕ್ಕೆ 42,000 ರೂಪಾಯಿ ಆಯಿತು, ಮರಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಬೇಲಿಯ ಚಿತ್ರ ಕಳಿಸಿದ ಮೇಲೆಯೇ ರೈತರು ಮರಿ ಕೊಡಲು ಒಪ್ಪಿದ್ದು.

ಊಟದ ಪ್ರಶ್ನೆಯನ್ನು ಬಿಡಿಸಿದವಳು ನನ್ನ ಹೆಂಡತಿ. ಮುಧೋಳದ ಕಡೆ ಜೋಳದ ಅಂಬಲಿ, ಹಾಲು, ಇದ್ದವರ ಮನೆಯಲ್ಲಿ ಮೊಟ್ಟೆ ಹಾಕಿ ಬೆಳೆಸುತ್ತಾರೆ. ನಮ್ಮ ಹಿಂದಿನ ನಾಯಿ ಅನ್ನ ಮಜ್ಜಿಗೆಯಲ್ಲಿಯೇ ಬದುಕಿತ್ತು, ಆದರೆ ಬೆಳೆಯುವ ಬೇಟೆನಾಯಿಗೆ ಅದು ಸಾಲದು. ಕೊನೆಗೆ ಕೊಟ್ಟಿಗೆಯ ಆಚೆ, ದನಗಳ ಬಾಯರು ಬೇಯಿಸುವ ಒಲೆಯ ಪಕ್ಕ ಬೇರೊಂದು ಒಲೆ, ಬೇರೊಂದು ಪಾತ್ರೆ ಬಂತು. ಮೊಟ್ಟೆ ಅಲ್ಲಿಯೇ ಬೇಯುತ್ತದೆ, ಅಲ್ಲಿಯೇ ಮುಗಿಯುತ್ತದೆ. ಅಮ್ಮ ಆ ದಿಕ್ಕಿಗೆ ಹೋಗುವುದಿಲ್ಲ, ಕೇಳುವುದೂ ಇಲ್ಲ. ಎದೆ ಆಳವಾಗಿರುವ ತಳಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಒಮ್ಮೆಗೇ ಹಾಕದೆ ಎರಡು ಹೊತ್ತು ಹಾಕುತ್ತೇವೆ, ಉಂಡ ಮೇಲೆ ಓಡಲು ಬಿಡುವುದಿಲ್ಲ. ಇಷ್ಟೆಲ್ಲ ಮಾಡಿಯೂ ಪಕ್ಕೆಲುಬು ಎಣಿಸಬಹುದು, ಈ ನಾಯಿಯ ಆರೋಗ್ಯದ ಗುರುತೇ ಅದು. ಕೊನೆಗೌಡ ಮೊದಲ ಸಲ ನೋಡಿದವನು ಮರದಿಂದ ಇಳಿದು ಬಂದು, ‘ಹೆಗಡೇರೇ, ನಾಯಿಗೆ ಕೂಳು ಹಾಕುದಿಲ್ವಾ?’ ಎಂದು ಕೇಳಿದ. ಈಗ ಊರಿನಲ್ಲಿ ನಮ್ಮ ಮನೆಯ ಜಿಪುಣತನಕ್ಕೆ ಇದೇ ಸಾಕ್ಷಿ.

ಮರಿ ಬಂದದ್ದು ಮಾರ್ಚಿಯಲ್ಲಿ, ಮಳೆಗೆ ಮೊದಲು ಒಗ್ಗಿಕೊಳ್ಳಲಿ ಎಂದು. 2023 ರ ಮಳೆ ಕೈಕೊಟ್ಟ ವರ್ಷವಾದ್ದರಿಂದ ಮೊದಲ ಮಳೆಗಾಲ ಪರೀಕ್ಷೆಯೆನಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಹೆಚ್ಚಿದಾಗ, ಗದ್ದೆ ಬಯಲನ್ನೂ ನಿಲ್ಲಿಸಿ ಅಂಗಳದಲ್ಲಿಯೇ ಓಡಿಸಿದೆವು, ಪ್ರತಿ ಸಂಜೆ ಕಿವಿಯ ಮಡಿಕೆ, ಕಾಲ್ಬೆರಳ ಸಂದು ಹುಡುಕಿದೆವು. ಕಂದು ಮೈಮೇಲೆ ಉಣುಗು ಕಾಣುವುದಿಲ್ಲ, ಬೆರಳಿಗೆ ಸಿಗಬೇಕು. ಅಮ್ಮನ ಮಾತು ನಿಜವಾಗಿತ್ತು. ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಹೋದಾಗ, ಇಂಥ ತೆಳುಮೈಯ ಓಟದ ನಾಯಿಗಳಿಗೆ ಥಯೋಪೆಂಟಾಲ್‌ನಂಥ ಅರಿವಳಿಕೆಯಿಂದ ಎಚ್ಚರವಾಗುವುದು ಬಹಳ ನಿಧಾನ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕೆಂದು ತಿಮ್ಮಾಪುರದಲ್ಲಿ ಕೇಳಿಸಿಕೊಂಡದ್ದು ಉಪಯೋಗಕ್ಕೆ ಬಂತು. ವೈದ್ಯರು ಬೇರೆ ಔಷಧಿ ಆರಿಸಿದರು.

ನಿಜವಾದ ಮಳೆ ಬಂದದ್ದು 2024 ರ ಜುಲೈಯಲ್ಲಿ, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ಆ ವಾರ. ಕರೆಂಟು ಐದು ದಿನ ಇರಲಿಲ್ಲ. ಮೈಯಲ್ಲಿ ಕೊಬ್ಬಿಲ್ಲದ, ಕೂದಲಿಲ್ಲದ ಪ್ರಾಣಿ ಜಗಲಿಯಲ್ಲಿ ಗೋಣಿಯ ಮೇಲೆ ನಡುಗುತ್ತಾ ಕೂತಿತ್ತು, ಮೊಣಕೈಗಳ ಚರ್ಮ ನೆಲಕ್ಕೆ ಒತ್ತಿ ಕೆಂಪಾಗಿತ್ತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅದು ಬಚ್ಚಲ ಒಲೆಯ ಮುಂದೆ, ಬೆಚ್ಚಗಿನ ಬೂದಿಯ ಪಕ್ಕ, ಮಡಿಸಿ ಹಾಕಿದ ಹಳೆಯ ಕಂಬಳಿಯ ಮೇಲೆ ಮಲಗಿತ್ತು. ಬಚ್ಚಲು ಮನೆಯ ಒಳಗೋ ಹೊರಗೋ ಎಂಬ ವಿಷಯದಲ್ಲಿ ಶಾಸ್ತ್ರ ಸ್ಪಷ್ಟವಾಗಿಲ್ಲ ಎಂದು ಅಮ್ಮ ಹೇಳಿದರು.

ಕಿವಿಯ ವಿಷಯ ಒಂದು ಉಳಿಯಿತು. ಹುಟ್ಟುಕಿವುಡಿಗೆ ಹೆದರಿ ಒಂದು ತಳಿಯನ್ನು ಬಿಟ್ಟುಬಂದ ನಮಗೆ ಸಿಕ್ಕಿದ್ದು ಮಜ್ಜಿಗೆ ಕಡೆಯುವ ಸದ್ದನ್ನು ತೋಟದ ಆ ತುದಿಯಿಂದ ಕೇಳಿಸಿಕೊಂಡು ಬರುವ, ಆದರೆ ಮಂಗವೋ ಮೊಲವೋ ಕಣ್ಣಿಗೆ ಬಿದ್ದ ಮೇಲೆ ಶಂಖ ಊದಿದರೂ ಕೇಳಿಸಿಕೊಳ್ಳದ ನಾಯಿ. ಕಳೆದ ದೀಪಾವಳಿಯ ಮರುದಿನ ಮುಸಿಯ ಮಂಗವೊಂದು ಬೇಲಿಯಾಚೆಯ ಪೇರಲ ಮರದಿಂದ ಇಳಿದಾಗ ಅದು ಐದಡಿಯ ಜಾಲರಿಯನ್ನು ಒಂದೇ ನೆಗೆತಕ್ಕೆ ದಾಟಿ ಬೆಟ್ಟ ಹತ್ತಿತು. ಕತ್ತಲಾಗುವವರೆಗೂ ನಾವು ನಾಲ್ವರೂ, ಅಮ್ಮನೂ, ದಣಪೆಯ ಬಳಿ ನಿಂತು ಕೂಗಿದೆವು. ಏಳೂವರೆಗೆ ಕಾಲಿಗೆ ಮುಳ್ಳು ಚುಚ್ಚಿಕೊಂಡು, ನಾಲಿಗೆ ಜೋಲು ಬಿಟ್ಟುಕೊಂಡು, ನಾವು ಕೂಗುತ್ತಿದ್ದ ದಿಕ್ಕಿನಿಂದಲ್ಲದೆ ಕೊಟ್ಟಿಗೆಯ ಹಿಂದಿನಿಂದ ಬಂತು. ಆ ವಾರವೇ ಬೇಲಿಯ ಮೇಲೆ ಇನ್ನೆರಡು ಅಡಿ ಜಾಲರಿ ಏರಿಸಿದೆ, ಒಳಮುಖವಾಗಿ ಬಾಗಿಸಿ.